‘ಎಲ್ಲರಿಗೂ ಗೊತ್ತಿರೋದೇ’ ಅನ್ನುವ ಮಾತಿನ ತೂಕ ಎಷ್ಟು?

ಮೊನ್ನೆ ನೆಂಟರ ಮನೆಯಲ್ಲಿ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ದೊಡ್ಡಪ್ಪ ಕೂತಿದ್ದರು. ಬಡಿಸುವ ಹುಡುಗ ಮಾವಿನ ಮಿಡಿ ಉಪ್ಪಿನಕಾಯಿ ತಂದ. ದೊಡ್ಡಪ್ಪ ಎಲೆಗೆ ಕೈ ಅಡ್ಡ ಇಟ್ಟರು. "ಬೇಡಪ್ಪ, ಖಾರ ತಿಂದ್ರೆ ಅಲ್ಸರ್ ಆಗುತ್ತೆ."

"ಯಾರು ಹೇಳಿದ್ರು ದೊಡ್ಡಪ್ಪ?" ಅಂದೆ.

"ಯಾರು ಹೇಳೋದೇನೋ? ಎಲ್ರಿಗೂ ಗೊತ್ತಿರೋದೇ ಅಲ್ವಾ!"

ಅದೇ ವಾರ ಮೊಬೈಲಿನಲ್ಲಿ ಚುನಾವಣೆ ಲೆಕ್ಕಾಚಾರದ ಸುದ್ದಿಯೊಂದನ್ನು ಓದುತ್ತಿದ್ದೆ. ‘ಸಾಂಪ್ರದಾಯಿಕ ಬುದ್ಧಿವಂತಿಕೆಯ ಪ್ರಕಾರ ಆಡಳಿತ ಪಕ್ಷಕ್ಕೆ ಕಷ್ಟ’ ಅಂತಿತ್ತು. ಎರಡು ಸಲ ಓದಿದೆ. ಇದ್ಯಾವ ಸಂಪ್ರದಾಯ, ಯಾರ ಬುದ್ಧಿವಂತಿಕೆ? ಆಮೇಲೆ ಹೊಳೆಯಿತು. ಇಂಗ್ಲಿಷಿನ ‘ಕನ್ವೆನ್ಷನಲ್ ವಿಸ್ಡಮ್’ ಅನ್ನೋದನ್ನು ಯಾರೋ, ಅಥವಾ ಯಾವುದೋ ಯಂತ್ರ, ಪದಕ್ಕೆ ಪದ ಕೂಡಿಸಿ ಕನ್ನಡಕ್ಕೆ ತಂದಿದೆ. ಅದರ ಸರಿಯಾದ ಅರ್ಥ ನಮ್ಮ ದೊಡ್ಡಪ್ಪನ ಬಾಯಲ್ಲಿ ಆಗಲೇ ಬಂದಾಗಿತ್ತು.

ಷೇರು ಪೇಟೆ, ಆರೋಗ್ಯ, ರಾಜಕೀಯ, ಕ್ರಿಕೆಟ್, ಯಾವ ಸುದ್ದಿ ತೆಗೆದರೂ ಈಗ ಈ ಪದ ಸಿಗುತ್ತದೆ. ಹಾಗಾಗಿ ಇದೇನು, ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಬಿಡಿಸಿ ನೋಡೋಣ. ಈ ಲೇಖನದಲ್ಲಿ ನಾನು ಇದನ್ನು ‘ಒಪ್ಪಿತ ಮಾತು’ ಅಂತ ಕರೆಯುತ್ತೇನೆ. ಅಂದರೆ, ಒಂದು ವಿಷಯದ ಬಗ್ಗೆ ಹೆಚ್ಚಿನವರು ಪ್ರಶ್ನೆ ಮಾಡದೆ ಒಪ್ಪಿಕೊಂಡು ಬಂದಿರುವ ಮಾತು.

ಅಜ್ಜಿ ಮದ್ದು ಬೇರೆ, ಇದು ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ‘ಸಾಂಪ್ರದಾಯಿಕ’ ಅಂದ ತಕ್ಷಣ ನಮಗೆ ಅಜ್ಜಿಯ ಕಷಾಯ, ರೈತರ ಮಳೆ ಲೆಕ್ಕ, ಕಮ್ಮಾರನ ಕೈಚಳಕ ನೆನಪಿಗೆ ಬರುತ್ತವೆ. ಅದು ಪರಂಪರೆಯಿಂದ ಬಂದ ತಿಳಿವಳಿಕೆ. ಒಪ್ಪಿತ ಮಾತು ಹಳೆಯದೇ ಆಗಿರಬೇಕೆಂದಿಲ್ಲ. ಐದು ವರ್ಷದ ಹಿಂದೆ ಹುಟ್ಟಿದ್ದೂ ಆಗಬಹುದು. ಹಳ್ಳಿಯದೇ ಆಗಬೇಕೆಂದೂ ಇಲ್ಲ. ಅಮೆರಿಕದ ಬ್ಯಾಂಕಿನವರು, ದೊಡ್ಡ ಆಸ್ಪತ್ರೆಯ ವೈದ್ಯರು, ಟಿವಿಯಲ್ಲಿ ಕೂತ ವಿಶ್ಲೇಷಕರು ಎಲ್ಲರ ಬಳಿಯೂ ಒಂದೊಂದು ಮೂಟೆ ಒಪ್ಪಿತ ಮಾತು ಇರುತ್ತದೆ.

ನಮ್ಮ ಮಳೆ ಗಾದೆಗಳನ್ನೇ ನೋಡಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತಾರೆ. ಭರಣಿ ಅಂದರೆ ಸೂರ್ಯ ಭರಣಿ ನಕ್ಷತ್ರದಲ್ಲಿರುವ ಹೊತ್ತು, ಏಪ್ರಿಲ್ ಕೊನೆಯಿಂದ ಸುಮಾರು ಎರಡು ವಾರ. ಆಗ ನಾಲ್ಕು ಹದ ಮಳೆ ಬಿದ್ದರೆ ನೆಲ ಮೆತ್ತಗಾಗುತ್ತದೆ, ಉಳುಮೆ ಮುಗಿಯುತ್ತದೆ, ಮುಂಗಾರು ಬರುವ ಹೊತ್ತಿಗೆ ಹೊಲ ರೆಡಿ. ಈ ಮಾತಿನ ಹಿಂದೆ ತಲೆಮಾರುಗಳ ಅನುಭವ ಇದೆ. ಅದಕ್ಕಿಂತ ಮುಖ್ಯ, ಮಾತು ಸುಳ್ಳಾದರೆ ನಂಬಿದವನ ಬಿತ್ತನೆ ಬೀಜವೇ ಹೋಗುತ್ತದೆ. ತಪ್ಪಿಗೆ ದಂಡ ಅದೇ ವರ್ಷ, ಅದೇ ಹೊಲದಲ್ಲಿ. ಒಪ್ಪಿತ ಮಾತಿನಲ್ಲಿ ಹೆಚ್ಚಿನ ಸಲ ಹೀಗಿರುವುದಿಲ್ಲ. ಹೇಳಿದವನಿಗೆ ಏನೂ ನಷ್ಟ ಇಲ್ಲ. ಖಾರದಿಂದ ಅಲ್ಸರ್ ಆಗುತ್ತೆ ಅಂದ ದೊಡ್ಡಪ್ಪನಿಗೆ ಹೋಗಿದ್ದು ಒಂದು ಮಿಡಿ ಉಪ್ಪಿನಕಾಯಿ ಅಷ್ಟೇ.

ಹಾಗಂತ ಮಳೆ ಗಾದೆ ಯಾವತ್ತಿಗೂ ಸರಿ ಅಂತಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ಬಹಳ ನಿಧಾನವಾಗಿ ತಿರುಗುತ್ತದೆ. ಅದರಿಂದ ನಕ್ಷತ್ರದ ಲೆಕ್ಕಕ್ಕೂ ಋತುವಿನ ಲೆಕ್ಕಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಹದಿನಾಲ್ಕು ದಿನ, ಅಂದರೆ ಒಂದು ಇಡೀ ‘ಮಳೆ’ಯಷ್ಟು! ಗಾದೆ ಇದ್ದಲ್ಲೇ ಇರುತ್ತದೆ, ಕೆಳಗಿನ ಕ್ಯಾಲೆಂಡರ್ ಜರುಗುತ್ತಾ ಹೋಗುತ್ತದೆ. ಈ ಜರುಗುವ ವಿಷಯಕ್ಕೆ ಮತ್ತೆ ಬರುತ್ತೇನೆ.

ಹೆಸರು ಪ್ರಸಿದ್ಧಿ ಮಾಡಿದ ಎತ್ತರದ ಪ್ರೊಫೆಸರ್

ಈ ಪದ 19ನೇ ಶತಮಾನದಿಂದಲೇ ಅಲ್ಲಿ ಇಲ್ಲಿ ಬಳಕೆಯಲ್ಲಿತ್ತು. ಆದರೆ ಮನೆಮಾತು ಮಾಡಿದವರು ಜಾನ್ ಕೆನೆತ್ ಗಾಲ್‌ಬ್ರೇತ್. ಕೆನಡಾದ ಒಂಟಾರಿಯೊದಲ್ಲಿ 1908ರಲ್ಲಿ ಹುಟ್ಟಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದವರು. ಆರೂವರೆ ಅಡಿಗೂ ಎತ್ತರದ ಆಳು. ನಮಗೂ ಅವರಿಗೂ ಒಂದು ನಂಟಿದೆ. 1961ರಿಂದ 63ರವರೆಗೆ ಅವರು ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು, ಚೀನಾ ಯುದ್ಧದ ದಿನಗಳಲ್ಲಿ ಇಲ್ಲೇ ಇದ್ದರು. 2001ರಲ್ಲಿ ಭಾರತ ಅವರಿಗೆ ಪದ್ಮವಿಭೂಷಣ ಕೊಟ್ಟಿತು.

1958ರಲ್ಲಿ ಬಂದ ‘ದಿ ಅಫ್ಲುಯೆಂಟ್ ಸೊಸೈಟಿ’ ಎಂಬ ಅವರ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಈ ಪದಕ್ಕೇ ಮೀಸಲು. ಅವರು ಹೇಳಿದ್ದರ ಸಾರ ಇಷ್ಟು. ಜನ ಒಂದು ವಿಚಾರವನ್ನು ನಂಬುವುದು ಅದು ನಿಜ ಅಂತ ಪರೀಕ್ಷೆ ಮಾಡಿಯೇ ಅಂತಲ್ಲ. ಒಪ್ಪಿಕೊಳ್ಳಲು ಹಿತವಾಗಿರುತ್ತದೆ, ಕೇಳಿ ಕೇಳಿ ಅಭ್ಯಾಸವಾಗಿರುತ್ತದೆ, ನಮ್ಮ ಈಗಿನ ಬದುಕಿಗೆ ತೊಂದರೆ ಕೊಡುವುದಿಲ್ಲ, ಅದಕ್ಕೇ ನಂಬುತ್ತೇವೆ. ಸಭೆಯಲ್ಲಿ ಯಾರಾದರೂ ಎದ್ದು ಎಲ್ಲರಿಗೂ ಗೊತ್ತಿರುವುದನ್ನೇ ಗಂಭೀರವಾಗಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಕೇಳಿದವರಿಗೆ ‘ನಾನೂ ಹೀಗೇ ಅಂದುಕೊಂಡಿದ್ದೆ’ ಅನ್ನುವ ಖುಷಿ. ಗಾಲ್‌ಬ್ರೇತ್ ಈ ಪದವನ್ನು ಸ್ವಲ್ಪ ಕುಚೋದ್ಯ ಸೇರಿಸಿಯೇ ಬಳಸಿದರು. ಹೊಗಳಿಕೆಯ ಮಾತಾಗಿ ಅಲ್ಲ.

ಅವರ ಇನ್ನೊಂದು ಮಾತು ಹೆಚ್ಚು ಮುಖ್ಯ. ಒಪ್ಪಿತ ಮಾತನ್ನು ಇನ್ನೊಂದು ಒಳ್ಳೆಯ ವಿಚಾರ ಬಂದು ಸೋಲಿಸುವುದು ಅಪರೂಪ. ಅದನ್ನು ಬೀಳಿಸುವುದು ಘಟನೆಗಳು. ಕಾಲ ಮುಂದೆ ಹೋಗುತ್ತದೆ, ಮಾತು ಹಿಂದೆಯೇ ಉಳಿಯುತ್ತದೆ. ಒಂದು ದಿನ ಎರಡಕ್ಕೂ ತಾಳೆಯೇ ಆಗುವುದಿಲ್ಲ.

ಅವರು ಕೊಟ್ಟ ಒಂದು ಉದಾಹರಣೆ ಸರ್ಕಾರದ ಬಜೆಟ್ಟಿನದು. ‘ಆದಾಯಕ್ಕಿಂತ ಜಾಸ್ತಿ ಖರ್ಚು ಮಾಡಬಾರದು’ ಅನ್ನೋದು 1930ರ ಸುಮಾರಿಗೆ ಅಮೆರಿಕದಲ್ಲಿ ಎಲ್ಲ ಪಕ್ಷಗಳೂ ಒಪ್ಪಿದ್ದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ನಮ್ಮ ಗಾದೆಯ ಹಾಗೆಯೇ. ಮನೆಗೆ ಸರಿ. ಆದರೆ ಮಹಾ ಆರ್ಥಿಕ ಕುಸಿತ ಬಂದು, 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಎಲ್ಲರೂ ಕೈ ಬಿಗಿ ಹಿಡಿದಾಗ ಸರ್ಕಾರವೂ ಬಿಗಿ ಹಿಡಿದರೆ ಪೇಟೆಯಲ್ಲಿ ಕೊಳ್ಳುವವರೇ ಇರುವುದಿಲ್ಲ. 1932ರ ಚುನಾವಣೆಯಲ್ಲಿ ಖರ್ಚು ಕಡಿಮೆ ಮಾಡುತ್ತೇನೆ ಅಂತ ಮಾತು ಕೊಟ್ಟೇ ಗೆದ್ದ ಅಧ್ಯಕ್ಷ ರೂಸ್‌ವೆಲ್ಟ್, ಕುರ್ಚಿಯಲ್ಲಿ ಕೂತ ಮೇಲೆ ಸಾಲ ಮಾಡಿ ಖರ್ಚು ಮಾಡಬೇಕಾಯಿತು. ಯಾರೂ ವಾದದಲ್ಲಿ ಸೋಲಲಿಲ್ಲ. ಬೀದಿಯಲ್ಲಿ ನಿಂತ ನಿರುದ್ಯೋಗಿಗಳ ಸಾಲು ವಾದ ಮುಗಿಸಿತು.

ಹೊಟ್ಟೆ ಹುಣ್ಣು ಮತ್ತು ಈಸ್ಟರ್ ರಜೆ

ಈಗ ದೊಡ್ಡಪ್ಪನ ಅಲ್ಸರ್‌ಗೆ ಬರೋಣ. ಒಪ್ಪಿತ ಮಾತು ಹೇಗೆ ಬೇರು ಬಿಡುತ್ತದೆ, ಹೇಗೆ ಕೀಳಿಸಿಕೊಳ್ಳುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಕತೆ ನನಗಂತೂ ಗೊತ್ತಿಲ್ಲ.

ಹೊಟ್ಟೆಯಲ್ಲಿ ಆಮ್ಲ ಜಾಸ್ತಿಯಾದರೆ ಹುಣ್ಣಾಗುತ್ತದೆ. ಟೆನ್ಷನ್ ಮಾಡಿಕೊಳ್ಳುವವರಿಗೆ, ಖಾರ ತಿನ್ನುವವರಿಗೆ, ಹೊತ್ತಿಗೆ ಸರಿಯಾಗಿ ಉಣ್ಣದವರಿಗೆ ಆಮ್ಲ ಜಾಸ್ತಿ. 20ನೇ ಶತಮಾನದ ಬಹುಪಾಲು ವೈದ್ಯಲೋಕ ಹೀಗೇ ನಂಬಿತ್ತು. ‘ಆಮ್ಲವಿಲ್ಲದೆ ಹುಣ್ಣಿಲ್ಲ’ ಅನ್ನುವ ಸೂತ್ರ 1910ರಲ್ಲೇ ಬಂದಿತ್ತು. 1915ರಲ್ಲಿ ಷಿಕಾಗೋದ ಡಾ. ಸಿಪ್ಪಿ ಎಂಬವರು ಗಂಟೆಗೊಮ್ಮೆ ಹಾಲು, ಕೆನೆ, ಜೊತೆಗೆ ಆಮ್ಲ ತಗ್ಗಿಸುವ ಪುಡಿ ಕೊಡುವ ಪಥ್ಯ ಹೇಳಿದರು. ಅದು ದಶಕಗಳ ಕಾಲ ನಡೆಯಿತು. ಹಾಲು ಕುಡಿದ ತಕ್ಷಣ ತಂಪು ಅನ್ನಿಸುತ್ತದೆ, ನಿಜ. ಸ್ವಲ್ಪ ಹೊತ್ತಿಗೆ ಅದೇ ಹಾಲು ಆಮ್ಲವನ್ನು ಮತ್ತಷ್ಟು ಒಸರಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಇಂದಿಗೂ ನಮ್ಮಲ್ಲಿ ಹೊಟ್ಟೆ ಉರಿ ಅಂದರೆ ‘ಒಂದು ಲೋಟ ತಣ್ಣನೆ ಹಾಲು ಕುಡಿ’ ಅನ್ನುವವರು ಇದ್ದಾರಲ್ಲ, ಅದೇ.

ಪಥ್ಯ ಸಾಲದಿದ್ದರೆ ಆಪರೇಷನ್. ಹೊಟ್ಟೆಯ ಒಂದು ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1970ರ ದಶಕದ ಕೊನೆಗೆ ಆಮ್ಲ ತಗ್ಗಿಸುವ ಹೊಸ ಮಾತ್ರೆಗಳು ಬಂದವು, ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾಗುವ ಔಷಧಿಗಳಾದವು. ತಿಂದಷ್ಟು ದಿನ ಆರಾಮ. ಬಿಟ್ಟರೆ ಹುಣ್ಣು ಮತ್ತೆ ಹಾಜರ್.

ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಇರಬಹುದಾ? ಆ ಪ್ರಶ್ನೆಯನ್ನೂ ಕೇಳಿ ಮುಚ್ಚಿಯಾಗಿತ್ತು. 1954ರಲ್ಲಿ ಅಮೆರಿಕದ ವೈದ್ಯರೊಬ್ಬರು ಸಾವಿರಕ್ಕೂ ಹೆಚ್ಚು ರೋಗಿಗಳ ಹೊಟ್ಟೆಯ ತುಣುಕು ನೋಡಿ ಏನೂ ಸಿಗಲಿಲ್ಲ ಅಂದರು. ಆ ಕ್ರಿಮಿಯನ್ನು ಸ್ಪಷ್ಟವಾಗಿ ತೋರಿಸುವ, ಬೆಳ್ಳಿಯ ಅಂಶವಿರುವ ಬಣ್ಣವನ್ನು ಅವರು ಬಳಸಿರಲಿಲ್ಲ. ಆದರೆ ‘ಇಲ್ಲ’ ಅನ್ನೋದು ಪಠ್ಯಪುಸ್ತಕ ಸೇರಿತು. ಅಂಥ ಆಮ್ಲದಲ್ಲಿ ಯಾವ ಕ್ರಿಮಿ ಬದುಕುತ್ತದೆ ಹೇಳಿ, ಕೇಳಲಿಕ್ಕೂ ಸರಿ ಅನ್ನಿಸುತ್ತದಲ್ಲ!

1979ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಆಸ್ಪತ್ರೆಯಲ್ಲಿ ರಾಬಿನ್ ವಾರೆನ್ ಎಂಬ ಪೆಥಾಲಜಿಸ್ಟ್ ಒಬ್ಬ ರೋಗಿಯ ಹೊಟ್ಟೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಊದಿಕೊಂಡ ಜಾಗದಲ್ಲೆಲ್ಲ ಕೊಂಕಾದ ಪುಟ್ಟ ಬ್ಯಾಕ್ಟೀರಿಯಾಗಳು. ಸಹೋದ್ಯೋಗಿಗಳು ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ವರ್ಷದ ನಂತರ ಬ್ಯಾರಿ ಮಾರ್ಷಲ್ ಎಂಬ ತರಬೇತಿಯಲ್ಲಿದ್ದ ಯುವ ಡಾಕ್ಟರು ಜೊತೆಯಾದರು. ಇಬ್ಬರೂ ಸೇರಿ 100 ರೋಗಿಗಳನ್ನು ಪರೀಕ್ಷೆಗೆ ತೆಗೆದುಕೊಂಡರು.

ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ತೋರಿಸಬೇಕಿತ್ತು. ಒಂದಾದ ಮೇಲೊಂದು ಮೂವತ್ತಕ್ಕೂ ಹೆಚ್ಚು ರೋಗಿಗಳ ಮಾದರಿ ಇಟ್ಟರು. ಏನೂ ಬೆಳೆಯಲಿಲ್ಲ. ಕಾರಣ ಬಹಳ ಸರಳ. ಬ್ಯಾಕ್ಟೀರಿಯಾ ಬೆಳೆಯೋದಿದ್ದರೆ ಎರಡು ದಿನದಲ್ಲಿ ಬೆಳೆಯುತ್ತದೆ ಅಂತ ಲ್ಯಾಬಿನ ರೂಢಿ. ಎರಡು ದಿನವಾದ ಮೇಲೆ ತಟ್ಟೆಯನ್ನು ಎಸೆಯುತ್ತಿದ್ದರು. 1982ರ ಈಸ್ಟರ್ ಹಬ್ಬಕ್ಕೆ ಸಾಲು ರಜೆ ಬಂತು. ತಟ್ಟೆಗಳು ಎಸೆಯುವವರಿಲ್ಲದೆ ಐದಾರು ದಿನ ಹಾಗೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ತಟ್ಟೆಯಲ್ಲಿ ಕ್ರಿಮಿಯ ಚುಕ್ಕೆಗಳು! ಅದಕ್ಕೆ ಬೇಕಿದ್ದದ್ದು ಇನ್ನೆರಡು ಮೂರು ದಿನ ಮಾತ್ರ. ದೊಡ್ಡದೊಂದು ಒಪ್ಪಿತ ಮಾತನ್ನು ಅಲ್ಲಾಡಿಸಲು ಹೊರಟವರು, ಅದರೊಳಗೇ ಕೂತಿದ್ದ ಚಿಕ್ಕದೊಂದು ಒಪ್ಪಿತ ಮಾತಿಗೆ ಎಡವಿ ಬೀಳುತ್ತಿದ್ದರು. ಈ ಕತೆಯಲ್ಲಿ ನನಗೆ ತುಂಬ ಇಷ್ಟವಾಗುವ ಜಾಗ ಇದು.

ಆದರೂ ನಂಬುವವರಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಹೊಟ್ಟೆ ತಜ್ಞರ ಸಮ್ಮೇಳನಕ್ಕೆ ಮಾರ್ಷಲ್ ಪ್ರಬಂಧ ಕಳಿಸಿದರು. ಬಂದ 67ರಲ್ಲಿ 56ಕ್ಕೆ ಒಪ್ಪಿಗೆ ಸಿಕ್ಕಿತು. ಮಾರ್ಷಲ್‌ರದು ಉಳಿದ ಹನ್ನೊಂದರಲ್ಲಿ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ತೋರಿಸೋಣ ಅಂದರೆ ಅದೂ ಕೈಕೊಟ್ಟಿತು. ಕೊನೆಗೆ 1984ರಲ್ಲಿ, ತಮ್ಮ 32ನೇ ವಯಸ್ಸಿನಲ್ಲಿ, ಮೊದಲು ತಮ್ಮ ಹೊಟ್ಟೆ ಸರಿಯಾಗಿದೆ ಅಂತ ಪರೀಕ್ಷೆ ಮಾಡಿಸಿಕೊಂಡು, ಕ್ರಿಮಿ ತುಂಬಿದ ದ್ರವವನ್ನು ತಾವೇ ಗಟಗಟ ಕುಡಿದರು. ಕೆಲವೇ ದಿನದಲ್ಲಿ ವಾಂತಿ ಶುರುವಾಯಿತು, ಬಾಯಿ ವಾಸನೆ. ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿದರೆ ಊತ, ಊತದ ಮೇಲೆ ಅದೇ ಕ್ರಿಮಿ. ಅಲ್ಸರ್ ಆಗುವವರೆಗೆ ಕಾಯಲಿಲ್ಲ, ಔಷಧಿ ತೆಗೆದುಕೊಂಡರು.

ಆ ಕ್ರಿಮಿಯ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಹೊಟ್ಟೆ ಹುಣ್ಣಿನ ಜೊತೆ ಈ ಕ್ರಿಮಿ ಇದ್ದರೆ ಆ್ಯಂಟಿಬಯಾಟಿಕ್ ಕೊಡಿ ಅಂತ ಹೇಳಿತು. 2005ರಲ್ಲಿ ವಾರೆನ್ ಮತ್ತು ಮಾರ್ಷಲ್ ಇಬ್ಬರಿಗೂ ನೊಬೆಲ್ ಬಂತು. ಹಳೆಯ ಮಾತು ಪೂರ್ತಿ ಸುಳ್ಳಾಗಿರಲಿಲ್ಲ ಅನ್ನೋದನ್ನೂ ಹೇಳಬೇಕು. ಆಮ್ಲಕ್ಕೂ ಹುಣ್ಣಿಗೂ ಸಂಬಂಧ ಇದೆ. ಆದರೆ ಗೋಡೆ ಶಿಥಿಲ ಮಾಡುವುದು ಕ್ರಿಮಿ, ಅಥವಾ ವಿಪರೀತ ನುಂಗುವ ನೋವಿನ ಮಾತ್ರೆ. ಆಮೇಲೆ ಆಮ್ಲ ಅಲ್ಲಿ ಕೊರೆಯುತ್ತದೆ. ಖಾರ ತಿಂದರೆ ಹುಣ್ಣಿದ್ದವರಿಗೆ ಉರಿ ಆಗಬಹುದು, ಹುಣ್ಣು ಹುಟ್ಟುವುದು ಅದರಿಂದಲ್ಲ. (ಹೊಟ್ಟೆ ನೋವು ಇದ್ದವರು ಈ ಲೇಖನ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.)

ಇಷ್ಟು ಗಟ್ಟಿ ಯಾಕೆ?

ಪುರಾವೆ ಕೈಯಲ್ಲಿದ್ದರೂ ಹತ್ತು ವರ್ಷ ಬೇಕಾಯಿತಲ್ಲ, ಯಾಕೆ? ವೈದ್ಯರೇನು ದಡ್ಡರಲ್ಲ.

ಒಂದು ಕಾರಣ, ಕಿವಿಯ ಅಭ್ಯಾಸ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲೇ ಇದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ. ವಾಟ್ಸ್ಯಾಪ್ ಕಾಲದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಾರಣ ಮರ್ಯಾದೆಯದು. ಎಲ್ಲರಂತೆ ನಡೆದು ಸೋಲುವುದು, ಎಲ್ಲರನ್ನೂ ಬಿಟ್ಟು ಬೇರೆ ದಾರಿ ಹಿಡಿದು ಗೆಲ್ಲುವುದಕ್ಕಿಂತ ಹೆಸರಿಗೆ ಕ್ಷೇಮ ಅನ್ನುವ ಅರ್ಥದ ಮಾತನ್ನು ಕೇನ್ಸ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ 1936ರಲ್ಲಿ ಬರೆದಿದ್ದರು. ನಮ್ಮ ಬೀದಿಯಲ್ಲಿ ಇದನ್ನು ದಿನಾ ನೋಡಬಹುದು. ಮಗನನ್ನು ಎಂಜಿನಿಯರಿಂಗ್‌ಗೆ ಸೇರಿಸಿ, ನಾಲ್ಕು ವರ್ಷದ ಮೇಲೆ ಕೆಲಸ ಸಿಗದಿದ್ದರೆ ನೆಂಟರು ಏನಂತಾರೆ? "ಏನ್ ಮಾಡಕ್ಕಾಗುತ್ತೆ, ಟೈಮ್ ಸರಿಯಿಲ್ಲ." ಅದೇ ಹುಡುಗ ಬೇಕರಿ ಇಟ್ಟು ಲಾಸ್ ಮಾಡಿಕೊಂಡರೆ? "ಅವತ್ತೇ ಬಡ್ಕೊಂಡ್ವಿ, ಕೇಳಿದ್ನಾ?" ಸೋಲು ಎರಡು ಕಡೆಯೂ ಒಂದೇ. ಬೈಗುಳ ಮಾತ್ರ ಒಬ್ಬನಿಗೆ. ಹಾಗಾಗಿ ಅಪ್ಪಂದಿರು ಒಪ್ಪಿತ ದಾರಿಯನ್ನೇ ಹಿಡಿಯುತ್ತಾರೆ. ಬ್ಯಾಂಕ್ ಮ್ಯಾನೇಜರೂ, ಡಾಕ್ಟರೂ, ಸಂಪಾದಕರೂ ಮಾಡುವುದು ಇದನ್ನೇ.

ಚಾಮರಾಜನಗರಕ್ಕೆ ಹೋದರೆ ಕುರ್ಚಿ ಹೋಗುತ್ತಾ?

ಕರ್ನಾಟಕದ ರಾಜಕೀಯದಲ್ಲಿ ಒಂದು ಮಾತು ದಶಕಗಳಿಂದ ಓಡಾಡುತ್ತಿದೆ. ಮುಖ್ಯಮಂತ್ರಿ ಆದವರು ಚಾಮರಾಜನಗರಕ್ಕೆ ಕಾಲಿಟ್ಟರೆ ಅಧಿಕಾರ ಹೋಗುತ್ತದೆ. ಪಟ್ಟಿಯನ್ನೂ ಕೊಡುತ್ತಾರೆ, ಇವರು ಹೋದರು ಇಳಿದರು, ಅವರು ಹೋದರು ಇಳಿದರು ಅಂತ.

ಇದನ್ನು ಮೂಢನಂಬಿಕೆ ಅಂತ ಬದಿಗಿಡಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮಾತು ಹೇಗೆ ಉಸಿರಾಡುತ್ತದೆ ಅಂತ ತಿಳಿಯುವುದಿಲ್ಲ. ಒಂದು ಲೆಕ್ಕ ಮಾಡಿ. 1980ರ ಗುಂಡೂರಾಯರಿಂದ 2013ರ ಜಗದೀಶ್ ಶೆಟ್ಟರ್ ತನಕ 14 ಜನ ಮುಖ್ಯಮಂತ್ರಿಗಳಾದರು. ಒಂದು ವಿಧಾನಸಭೆಯ ಪೂರ್ತಿ ಐದು ವರ್ಷವನ್ನು ಅವರಲ್ಲಿ ಒಬ್ಬರೂ ಮುಗಿಸಲಿಲ್ಲ. ಪಕ್ಷದೊಳಗಿನ ಜಗಳ, ಮೈತ್ರಿ ಮುರಿಯುವುದು, ಹೈಕಮಾಂಡ್ ಮುನಿಸು, ಅವಧಿಗೆ ಮುಂಚೆ ಚುನಾವಣೆ, ಏನೋ ಒಂದು. ಅಂದಮೇಲೆ ಆ ಕಾಲದಲ್ಲಿ ಮುಖ್ಯಮಂತ್ರಿ ಯಾವ ಊರಿಗೆ ಹೋದರೂ ಅಷ್ಟೇ! ತುಮಕೂರಿಗೆ ಹೋದರೂ ಕುರ್ಚಿ ಹೋಗುತ್ತಿತ್ತು, ಹುಬ್ಬಳ್ಳಿಗೆ ಹೋದರೂ ಹೋಗುತ್ತಿತ್ತು, ವಿಧಾನಸೌಧದಲ್ಲೇ ಕೂತಿದ್ದರೂ ಹೋಗುತ್ತಿತ್ತು. ಹೆಸರು ಕೆಟ್ಟಿದ್ದು ಮಾತ್ರ ಚಾಮರಾಜನಗರದ್ದು.

ಸಿದ್ದರಾಮಯ್ಯ 2013ರಿಂದ 18ರ ನಡುವೆ ಮುಖ್ಯಮಂತ್ರಿಯಾಗಿ ಅಲ್ಲಿಗೆ ಹಲವು ಸಲ ಹೋದರು, ಪೂರ್ತಿ ಐದು ವರ್ಷವನ್ನೂ ಮುಗಿಸಿದರು. ಅಲ್ಲಿಗೆ ಮಾತು ಸಾಯಬೇಕಿತ್ತು. ‘ಮುಂದಿನ ಚುನಾವಣೆಯಲ್ಲಿ ಪಕ್ಷ ಸೋಲಲಿಲ್ವಾ’ ಅಂದರು ನಂಬಿದವರು. 2023ರಲ್ಲಿ ಅವರೇ ಮತ್ತೆ ಮುಖ್ಯಮಂತ್ರಿಯಾದರು. ಉತ್ತರ ಪ್ರದೇಶದಲ್ಲಿ ನೋಯ್ಡಾ ಬಗ್ಗೆ ಇಂಥದ್ದೇ ಮಾತಿತ್ತು. 2017ರ ಡಿಸೆಂಬರಿನಲ್ಲಿ ಯೋಗಿ ಆದಿತ್ಯನಾಥ್ ಅಲ್ಲಿಗೆ ಹೋದರು, 2022ರಲ್ಲಿ ಮರಳಿ ಗೆದ್ದರು. ಒಪ್ಪಿತ ಮಾತಿನ ಒಂದು ಗುಣ ಇಲ್ಲಿ ಕಾಣುತ್ತದೆ. ಲೆಕ್ಕ ತಪ್ಪಿದಾಗ ಅದು ಒಡೆಯುವುದಿಲ್ಲ, ಸ್ವಲ್ಪ ಸರಿದು ಕೂರುತ್ತದೆ. ನಂಬದವರೂ ಅದನ್ನು ಸಾಕುತ್ತಾರೆ, ‘ನಂಗೇನೂ ನಂಬಿಕೆ ಇಲ್ಲ, ಆದ್ರೂ ಸುಮ್ನೆ ರಿಸ್ಕ್ ಯಾಕೆ’ ಅಂತ.

ಈಗ ನಾನು ಮೊದಲು ಓದಿದ ಸುದ್ದಿಯ ಸಾಲಿಗೆ ಬನ್ನಿ. ‘ಆಡಳಿತ ಪಕ್ಷಕ್ಕೆ ಕಷ್ಟ’ ಅನ್ನೋದು ಬೇರೆ ಜಾತಿಯ ಮಾತು. 1985ರ ನಂತರ ಕರ್ನಾಟಕದಲ್ಲಿ ಆಡಳಿತ ಪಕ್ಷ ಬಹುಮತದೊಂದಿಗೆ ಮರಳಿ ಬಂದಿಲ್ಲ. 1989ರಿಂದ 2023ರವರೆಗಿನ ಎಂಟೂ ಚುನಾವಣೆಗಳಲ್ಲಿ ಹೀಗೇ ಆಗಿದೆ. ಇದರ ಹಿಂದೆ ಎಣಿಕೆ ಇದೆ. ಆದರೂ ಎಂಟು ಅನ್ನೋದು ಚಿಕ್ಕ ಸಂಖ್ಯೆ. ಪ್ರತಿ ಸಲದ ಸೋಲಿಗೂ ಕಾರಣ ಬೇರೆ ಬೇರೆ ಇತ್ತು. ಈವರೆಗೆ ಹೀಗಾಗಿದೆ ಅನ್ನುವುದು ಒಂದು, ಇನ್ನು ಮುಂದೆ ಹೀಗೇ ಆಗಬೇಕು ಅನ್ನುವುದು ಇನ್ನೊಂದು. ಸುದ್ದಿಯಲ್ಲಿ ಈ ಎರಡೂ ಒಂದೇ ಸಾಲಿನಲ್ಲಿ ಬೆರೆತುಹೋಗುತ್ತವೆ.

ತಜ್ಞರಿಗೂ ತಪ್ಪಿದ್ದಲ್ಲ

‘ಸೈಟ್ ತಗೊಂಡ್ರೆ ಯಾವತ್ತೂ ಲಾಸ್ ಇಲ್ಲ’ ಅಂತ ಬೆಂಗಳೂರಿನಲ್ಲಿ ಕೇಳದ ಕಿವಿಯಿಲ್ಲ. ಅಮೆರಿಕದಲ್ಲೂ ಇಂಥದ್ದೇ ಇತ್ತು. ಒಂದೆರಡು ಊರಿನಲ್ಲಿ ಮನೆ ಬೆಲೆ ಇಳಿಯಬಹುದು, ಇಡೀ ದೇಶದಲ್ಲಿ ಒಟ್ಟಿಗೆ ಇಳಿಯುವುದಿಲ್ಲ. ಎರಡನೇ ಮಹಾಯುದ್ಧದ ನಂತರ ದೊಡ್ಡ ಮಟ್ಟದಲ್ಲಿ ಹಾಗೆ ಆಗಿರಲೂ ಇಲ್ಲ. ಈ ನಂಬಿಕೆಯ ಮೇಲೆ ಬ್ಯಾಂಕುಗಳು ಸಾಲ ಕೊಟ್ಟವು, ಆ ಸಾಲಗಳನ್ನು ಕಟ್ಟು ಕಟ್ಟಿ ಮಾರಿದವು, ಎಲ್ಲರೂ ಕೊಂಡರು. 2006ರಿಂದ ಬೆಲೆ ಜಾರತೊಡಗಿತು, ದೇಶದ ಸರಾಸರಿಯೇ ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. 2008ರ ಸೆಪ್ಟೆಂಬರ್ 15ರಂದು ಲೆಹ್ಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ದಿವಾಳಿ ಎದ್ದಿತು. ಬೆಲೆ ಬೀಳುವುದಿಲ್ಲ ಅಂತ ಎಲ್ಲರೂ ನಂಬಿದ್ದೇ ಬೆಲೆಯನ್ನು ಅಷ್ಟು ಎತ್ತರಕ್ಕೆ ಏರಿಸಿತ್ತು.

ಕಡಲೆಕಾಯಿಯದು ಇನ್ನೊಂದು ಕತೆ. ಪಶ್ಚಿಮದ ದೇಶಗಳಲ್ಲಿ ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಹೆಚ್ಚು, ಕೆಲವರಿಗೆ ಪ್ರಾಣಕ್ಕೇ ಬರುತ್ತದೆ. ಅದಕ್ಕೆ ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ, ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಕೊಡಬೇಡಿ ಅಂತ ಸಲಹೆ ಕೊಟ್ಟಿತು. ಯಾರಿಗಾದರೂ ಸರಿ ಅನ್ನಿಸುವ ಮಾತೇ. ಆದರೆ ಅಲರ್ಜಿ ಕಡಿಮೆಯಾಗಲಿಲ್ಲ. ಲಂಡನ್ನಿನ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಈ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು. ಇಸ್ರೇಲಿನಲ್ಲಿ ವರ್ಷ ತುಂಬುವ ಮುಂಚೆಯೇ ಕಡಲೆಕಾಯಿಯ ಕುರುಕಲು ತಿನ್ನಿಸುತ್ತಾರೆ. 640 ಶಿಶುಗಳ ಮೇಲೆ ಅಧ್ಯಯನ ನಡೆಯಿತು. 2015ರಲ್ಲಿ ಫಲಿತಾಂಶ ಬಂದಾಗ, ಬೇಗ ತಿಂದ ಮಕ್ಕಳಲ್ಲಿ ಅಲರ್ಜಿ ಸುಮಾರು 80 ಪ್ರತಿಶತ ಕಡಿಮೆ. ತಪ್ಪಿಸಲು ಹೇಳಿದ ಸಲಹೆಯೇ ತೊಂದರೆಗೆ ದಾರಿ ಮಾಡಿರಬಹುದು.

ಹಾಗಾದರೆ ಎಲ್ಲರೂ ಹೇಳೋದು ಸುಳ್ಳಾ?

ಇಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ನಡೆಯಬೇಕು. ಮಾರ್ಷಲ್ ಕತೆ ಓದಿದವರು ಥಟ್ಟನೆ ‘ಹಾಗಿದ್ದರೆ ಡಾಕ್ಟರುಗಳು ಹೇಳೋದೆಲ್ಲ ಸುಳ್ಳು’ ಅಂತ ತೀರ್ಮಾನಕ್ಕೆ ಬರುತ್ತಾರೆ. ಕ್ಯಾನ್ಸರಿಗೆ ಎಲೆ ರಸ ಮಾರುವವರೂ ಇದೇ ಕತೆ ಹೇಳುತ್ತಾರೆ. ‘ಲೋಕ ನನ್ನನ್ನು ನಂಬುತ್ತಿಲ್ಲ, ಆದ್ದರಿಂದ ನಾನು ಹೇಳೋದು ನಿಜ’ ಅನ್ನುವ ತರ್ಕ ಅದು. ಲೋಕ ನಂಬದ ಮಾತುಗಳಲ್ಲಿ ಬಹುಪಾಲು ನಿಜಕ್ಕೂ ತಪ್ಪೇ ಇರುತ್ತವೆ, ಅವುಗಳ ಕತೆ ಯಾರೂ ಬರೆಯುವುದಿಲ್ಲ ಅಷ್ಟೇ.

ಮಾರ್ಷಲ್ ಗೆದ್ದದ್ದು ಕ್ರಿಮಿ ಕುಡಿದದ್ದಕ್ಕಲ್ಲ. ಬೇರೆ ದೇಶದ ವೈದ್ಯರು ಅವರ ಪ್ರಯೋಗವನ್ನು ಮತ್ತೆ ಮಾಡಿ ಅದೇ ಫಲಿತಾಂಶ ಕಂಡದ್ದಕ್ಕೆ. ಗ್ರೀಸ್ ದೇಶದ ಲೈಕೂಡಿಸ್ ಎಂಬ ವೈದ್ಯರ ಕತೆ ಇಲ್ಲಿ ನೆನಪಾಗುತ್ತದೆ. ಅವರು 1958ರಿಂದಲೇ ಅಲ್ಸರಿಗೆ ಆ್ಯಂಟಿಬಯಾಟಿಕ್ ಕೊಟ್ಟು ಬಹಳ ಜನರಿಗೆ ಗುಣ ಮಾಡಿದ್ದರು. ಆದರೆ ಬೇರೆಯವರು ಪರೀಕ್ಷಿಸಿ ನೋಡುವಂಥ ಪುರಾವೆ ಅವರ ಬಳಿ ಇರಲಿಲ್ಲ. 1968ರಲ್ಲಿ ವೈದ್ಯರ ಸಂಘ ಅವರಿಗೇ ದಂಡ ಹಾಕಿತು. ಪಾಪ, ದಾರಿ ಸರಿಯೇ ಇತ್ತು.

ದಿನದ ಬದುಕಿಗೆ ಒಪ್ಪಿತ ಮಾತು ಬೇಕೇ ಬೇಕು. ಸಿಡಿಲು ಹೊಡೆಯುವಾಗ ಮರದ ಕೆಳಗೆ ನಿಲ್ಲಬೇಡ ಅಂದರೆ ಪ್ರಯೋಗ ಮಾಡಿ ನೋಡುತ್ತೇನೆ ಅನ್ನೋಕಾಗುತ್ತಾ? ನೂರು ವಿಷಯದಲ್ಲಿ ತೊಂಬತ್ತನ್ನು ನಾವು ಬೇರೆಯವರ ಮಾತಿನ ಮೇಲೇ ನಡೆಸುತ್ತೇವೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಅಂತ ಹೇಳಿದವರು ಈ ಭರವಸೆಯಲ್ಲೇ ಹೇಳಿದ್ದು. ಆದರೆ ಗಾದೆಗಳೇ ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ಕಾದು ಗೆದ್ದವನಿಗೆ ‘ತಾಳಿದವನು ಬಾಳಿಯಾನು’. ಕಾದು ಸೋತವನಿಗೆ ‘ಆಲಸ್ಯಂ ಅಮೃತಂ ವಿಷಂ’. ಏನಾದರೂ ಒಂದು ಆಗಿಹೋದ ಮೇಲೆ ಅದಕ್ಕೊಂದು ಗಾದೆ ಜೋಬಿನಲ್ಲಿ ಇದ್ದೇ ಇರುತ್ತದೆ.

ಸುದ್ದಿಯಲ್ಲಿ ಈ ಪದ ಸಿಕ್ಕಾಗ ಇನ್ನೊಂದನ್ನು ಗಮನಿಸಿ. ಬರೆಯುವವರಿಗೆ ಇದು ಒಂದು ಹಳೆಯ ಪಟ್ಟು. ‘ಎಲ್ಲರೂ ಹೀಗೆ ಅಂದುಕೊಂಡಿದ್ದಾರೆ, ಆದರೆ...’ ಅಂತ ಶುರು ಮಾಡಿದರೆ ಮುಂದಿನ ಸಾಲಿಗೆ ತಾನಾಗಿಯೇ ತೂಕ ಬರುತ್ತದೆ. ಎಷ್ಟೋ ಸಲ ಆ ‘ಎಲ್ಲರೂ’ ಯಾರು ಅಂತ ಹುಡುಕಿದರೆ ಯಾರೂ ಸಿಗುವುದಿಲ್ಲ. ಹೊಡೆದು ಬೀಳಿಸುವುದಕ್ಕೇ ನಿಲ್ಲಿಸಿದ ಬೆದರುಗೊಂಬೆ. ಗಾಲ್‌ಬ್ರೇತ್ ಕಾಲದ ನಂತರ ‘ಒಪ್ಪಿತ ಮಾತನ್ನು ಪ್ರಶ್ನಿಸುವುದು’ ಅನ್ನೋದೇ ಒಂದು ಒಪ್ಪಿತ ಮಾತಾಗಿಬಿಟ್ಟಿದೆ. ನಾನೂ ಈಗ ಮಾಡಿದ್ದು ಅದನ್ನೇ ಅಂತ ನೀವು ಅನ್ನಬಹುದು, ಅನ್ನಿ.

ಪಂಕ್ತಿಯಿಂದ ಎದ್ದು ಕೈ ತೊಳೆಯುವಾಗ ದೊಡ್ಡಪ್ಪನಿಗೆ ಪರ್ತ್‌ನ ಕತೆ ಚುಟುಕಾಗಿ ಹೇಳಿದೆ. ಕೇಳಿದರು. "ಪೈಲೋರಿ ಅಂದ್ಯಾ? ಎರಡು ವರ್ಷದ ಹಿಂದೆ ನನಗೆ ಬಂದಿತ್ತಲ್ಲೋ ಅದು. ಟೆಸ್ಟ್ ಮಾಡಿ ಹದಿನಾಲ್ಕು ದಿನ ಮಾತ್ರೆ ಕೊಟ್ರು. ಆಮೇಲೆ ಇವತ್ತಿನವರೆಗೂ ಹೊಟ್ಟೆ ನೋವಿಲ್ಲ."

"ಮತ್ತೆ ಉಪ್ಪಿನಕಾಯಿ ಯಾಕೆ ಬೇಡ ಅಂದ್ರಿ?"

ದೊಡ್ಡಪ್ಪ ಟವೆಲಿಗೆ ಕೈ ಒರೆಸಿಕೊಂಡು ನನ್ನನ್ನೇ ನೋಡಿದರು. "ಖಾರ ಅಲ್ವೇನೋ ಅದು!"